ಕರುಳಿನ ಕ್ಯಾನ್ಸರ್ ಭಯ, ಸ್ಕ್ರೀನಿಂಗ್ ಬೇಕೇ ಬೇಡವೇ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ದೊಡ್ಡಪ್ಪ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಸುಮಾರು ಎರಡು ವರ್ಷ ಅದೇ ಭಯದಲ್ಲಿ ಬದುಕಿದೆ. ಆಗ ಓದಿದ್ದನ್ನು, ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು ಒಂದೆರಡು ಕಡೆ ಹೇಳಿಕೊಂಡೆ. ಆಮೇಲೆ ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳುವವರು, ರಾತ್ರಿ 11 ಗಂಟೆಗೆ ಮೆಸೇಜ್ ಮಾಡುವವರು, ನಾಲ್ಕು ಪುಟದ ಕಾಗದ ಬರೆಯುವವರು ಜಾಸ್ತಿಯಾದರು. ಬಹುಪಾಲು ಎಲ್ಲರೂ ಕೇಳುವುದು ಈ ಪ್ರಶ್ನೆಗಳನ್ನೇ. ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡಿದ ಡಾಕ್ಟರದ್ದೇ ಆಗಿರಲಿ.

## ಮೊದಲು ತಿಳಿಯಬೇಕಾದ್ದು

ಸ್ಕ್ರೀನಿಂಗ್ ಅಂದ್ರೇನು? ಸುಮ್ನೆ ಟೆಸ್ಟ್ ಮಾಡಿಸೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಯಾವ ತೊಂದರೆಯೂ ಇಲ್ಲದವರನ್ನು ಪರೀಕ್ಷಿಸುವುದು ಸ್ಕ್ರೀನಿಂಗ್. ತೊಂದರೆ ಇದೆ ಎಂದು ಬಂದವರಲ್ಲಿ ಕಾರಣ ಹುಡುಕುವುದು ರೋಗಪತ್ತೆ. ಈ ವ್ಯತ್ಯಾಸ ಗೊತ್ತಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ರಕ್ತ ಹೋಗುತ್ತಿದೆ ಎನ್ನುವವರು "ನನಗೆ ಸ್ಕ್ರೀನಿಂಗ್ ವಯಸ್ಸಾಗಿಲ್ಲ" ಎಂದು ಕಾಯಬಾರದು. ಅವರಿಗೆ ಬೇಕಿರುವುದು ಸ್ಕ್ರೀನಿಂಗೇ ಅಲ್ಲ.

ದೊಡ್ಡಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್‌ನಿಂದ ಶುರುವಾಗುತ್ತದೆ. ಕರುಳಿನ ಒಳಗೋಡೆಯಲ್ಲಿ ಅಣಬೆ ಮೊಗ್ಗಿನ ಹಾಗೆ ಏಳುವ ಸಣ್ಣ ಗಂಟು ಅದು. ಬಹಳಷ್ಟು ಪಾಲಿಪ್‌ಗಳು ಏನೂ ಮಾಡದೆ ಹಾಗೇ ಇರುತ್ತವೆ. ಕ್ಯಾನ್ಸರ್ ಆಗುವಂಥವು ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತವೆ. ಅಷ್ಟರೊಳಗೆ ಕಂಡುಹಿಡಿದು ತೆಗೆದುಬಿಟ್ಟರೆ ಕ್ಯಾನ್ಸರ್ ಬರುವುದನ್ನೇ ತಪ್ಪಿಸಬಹುದು.

ಪರೀಕ್ಷೆಗಳು ಮುಖ್ಯವಾಗಿ ಎರಡು. ಒಂದು ಫಿಟ್: ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಇದೆಯೇ ಎಂದು ನೋಡುತ್ತಾರೆ. ಇನ್ನೊಂದು ಕೊಲೊನೊಸ್ಕೋಪಿ: ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಕಳಿಸಿ ಇಡೀ ದೊಡ್ಡಕರುಳನ್ನು ನೋಡುತ್ತಾರೆ. ಪಾಲಿಪ್ ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ.

ಈ ಕ್ಯಾನ್ಸರ್ ನಮ್ಮ ಕಡೆ ಅಷ್ಟೊಂದು ಇದೆಯಾ?

ಪಾಶ್ಚಾತ್ಯ ದೇಶಗಳಷ್ಟು ಇಲ್ಲ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 5 ಮಂದಿಗೆ ಬರುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದರ ಐದಾರು ಪಟ್ಟು. ನಮ್ಮಲ್ಲೂ ನಗರಗಳಲ್ಲಿ ಏರುತ್ತಿದೆ. ಇನ್ನೊಂದು ವಿಷಯ ಗಮನಿಸಬೇಕು: ಇಲ್ಲಿನ ರೋಗಿಗಳಲ್ಲಿ ಚಿಕ್ಕ ವಯಸ್ಸಿನವರ ಪಾಲು, ಗುದನಾಳದಲ್ಲಿ ಬರುವವರ ಪಾಲು ಅಲ್ಲಿಗಿಂತ ಜಾಸ್ತಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕರುಳಿನ ಕ್ಯಾನ್ಸರ್ ಬಗ್ಗೆ ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದ ಒಬ್ಬರ ಜೇಬಿನಲ್ಲಿ ಗುಟ್ಕಾ ಪೊಟ್ಟಣ ಇತ್ತು. ನಮ್ಮ ದೇಶದ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಇದಕ್ಕಿಂತ ಎಷ್ಟೋ ಜಾಸ್ತಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮೊದಲು ಅದನ್ನು ಮಾಡಿಸಿಕೊಳ್ಳಿ, ದಯವಿಟ್ಟು.

ಯಾವ ಲಕ್ಷಣ ಇದ್ರೆ ನಿಜವಾಗ್ಲೂ ಡಾಕ್ಟರ್ ಹತ್ರ ಹೋಗ್ಬೇಕು?

ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ. ಮೂರು ವಾರ ದಾಟಿದರೂ ಸರಿಹೋಗದ ಬದಲಾವಣೆ, ಅಂದರೆ ಮೊದಲಿಲ್ಲದ ಭೇದಿ ಅಥವಾ ಮಲಬದ್ಧತೆ. ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುತ್ತಲೇ ಇರುವುದು. ಪ್ರಯತ್ನ ಮಾಡದೆ ತೂಕ ಇಳಿಯುವುದು. ಬಿಡದೆ ಕಾಡುವ ಹೊಟ್ಟೆನೋವು, ಕೈಗೆ ಸಿಗುವ ಗಂಟು. ಕಬ್ಬಿಣದ ಕೊರತೆಯ ರಕ್ತಹೀನತೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಇದನ್ನು ಬರೀ ಕಬ್ಬಿಣದ ಮಾತ್ರೆ ಕೊಟ್ಟು ಮುಗಿಸಬಾರದು, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು.

ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದರೆ ಮಲ ಕೆಂಪಾಗುತ್ತದೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಕಪ್ಪಾಗುತ್ತದೆ. ಹೆದರುವ ಮೊದಲು ನಿನ್ನೆಯ ಊಟ ನೆನಪಿಸಿಕೊಳ್ಳಿ.

ರಕ್ತ ಹೋಯ್ತು. ಮೂಲವ್ಯಾಧಿ ಅಷ್ಟೇ, ಮೂಲಂಗಿ ತಿನ್ನು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಬಿಟ್ಟುಬಿಡಲಾ?

ಬಿಡಬೇಡಿ. ದೊಡ್ಡಪ್ಪನಿಗೂ ಹೀಗೇ ಹೇಳಿದ್ದರು.

ಅವರಿಗೆ ಆಗ 61. ಮೂಲವ್ಯಾಧಿ ಹಳೆಯದು, ರಕ್ತ ಆಗೀಗ ಹೋಗುತ್ತಿತ್ತು. ಹಾಗಾಗಿ ಜಾಸ್ತಿಯಾದಾಗ ಯಾರಿಗೂ ಹೊಸದೆನಿಸಲಿಲ್ಲ. ನಾಟಿ ಔಷಧಿ ಆಯಿತು, ಮುಲಾಮು ಆಯಿತು. ಒಂದು ಆಸ್ಪತ್ರೆಯಲ್ಲಿ ಮಾತ್ರೆ ಬರೆದು ಕಳಿಸಿದರು, ಮುಟ್ಟಿ ನೋಡಲಿಲ್ಲ. ಬೆಲ್ಟಿಗೆ ಹೊಸ ತೂತು ಮಾಡಿಸಿಕೊಂಡು ಬಂದಿದ್ದರು ಒಂದು ದಿನ. "ಪ್ಯಾಂಟ್ ನಿಲ್ತಾ ಇಲ್ಲ ಕಣೇ" ಎಂದು ನಕ್ಕಿದ್ದರು. ನಾವೂ ನಕ್ಕೆವು. ಒಂಬತ್ತು ತಿಂಗಳ ಮೇಲೆ ಬೇರೊಬ್ಬ ಸರ್ಜನ್ ಕೈಗವಸು ಹಾಕಿ ಬೆರಳಿನಲ್ಲಿ ಪರೀಕ್ಷೆ ಮಾಡಿದರು. ಗಂಟು ಬೆರಳಿಗೇ ಸಿಕ್ಕಿತು. ಆ ಪರೀಕ್ಷೆಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮಲವಿಸರ್ಜನೆ ವೇಳೆ ರಕ್ತ ಹೋಗುವ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿ ಅಥವಾ ಬಿರುಕು, ಇದು ನಿಜ. ಅದನ್ನು ಹೇಳಬೇಕಾದವರು ಮಾತ್ರ ಪರೀಕ್ಷೆ ಮಾಡಿ ನೋಡಿದವರು. ಮೂಲವ್ಯಾಧಿ ಇರುವವರಿಗೆ ಅದರ ಮೇಲಿನ ಕರುಳಿನಲ್ಲಿ ಇನ್ನೊಂದು ಕಾಯಿಲೆ ಇರಬಾರದು ಅಂತೇನೂ ಇಲ್ಲ. ಡಾಕ್ಟರ್ ಹತ್ತಿರ ಸಂಕೋಚವಾದರೆ "ಒಳಗೆ ಪರೀಕ್ಷೆ ಮಾಡಿ ನೋಡ್ತೀರಾ?" ಎಂದು ನೀವೇ ಕೇಳಿ. ಹೆಂಗಸರು ಲೇಡಿ ಡಾಕ್ಟರ್ ಬೇಕು ಎಂದು ಕೇಳುವುದರಲ್ಲಿ ಏನೂ ತಪ್ಪಿಲ್ಲ.

## ಭಯದ ಬಗ್ಗೆ

ನನಗೆ 32. ಪ್ರತಿದಿನ ಫ್ಲಶ್ ಮಾಡೋ ಮೊದಲು ಮೊಬೈಲ್ ಟಾರ್ಚ್ ಹಾಕಿ ನೋಡ್ತೀನಿ. ಇದು ಎಚ್ಚರಿಕೆನಾ, ಇದೇ ಒಂದು ಕಾಯಿಲೆನಾ?

ನಾನೂ ಮಾಡುತ್ತಿದ್ದೆ. ಟಾರ್ಚ್ ಹಾಕಿ, ಫೋಟೋ ತೆಗೆದು, ನಿನ್ನೆಯ ಫೋಟೋದ ಜೊತೆ ಹೋಲಿಸಿ ನೋಡುತ್ತಿದ್ದೆ. ಟೊಮೇಟೊ ಸಿಪ್ಪೆ ಕಂಡು ಕಾಲು ನಡುಗಿದ ದಿನ ಇದೆ. ಆ ದಿನ ಎರಡು ಪೀರಿಯಡ್ ಪಾಠ ಮಾಡಿದೆ, ಏನು ಮಾಡಿದೆ ಎಂದು ಇವತ್ತಿಗೂ ನೆನಪಿಲ್ಲ.

ಎಚ್ಚರಿಕೆ ಇದ್ದವರು ಒಮ್ಮೆ ನೋಡುತ್ತಾರೆ, ಬೇಕಾದರೆ ಡಾಕ್ಟರ್ ಹತ್ತಿರ ಹೋಗುತ್ತಾರೆ, ಉತ್ತರ ಸಿಕ್ಕರೆ ಬಿಡುತ್ತಾರೆ. ಆರೋಗ್ಯದ ಆತಂಕದಲ್ಲಿ ಉತ್ತರ ಸಿಕ್ಕರೂ ಬಿಡಲು ಆಗುವುದಿಲ್ಲ. ನೋಡುವುದು, ಗೂಗಲ್ ಮಾಡುವುದು, ಹೊಟ್ಟೆ ಒತ್ತಿಕೊಳ್ಳುವುದು, ಮನೆಯವರನ್ನು ಕೇಳುವುದು ದಿನದ ಕೆಲಸವಾಗುತ್ತದೆ. ಇದು ಆರು ತಿಂಗಳಿನಿಂದ ನಡೆಯುತ್ತಿದ್ದರೆ, ನಿದ್ದೆ, ಕೆಲಸ, ಮಕ್ಕಳ ಜೊತೆಗಿನ ಹೊತ್ತು ಹಾಳಾಗುತ್ತಿದ್ದರೆ, ಅದಕ್ಕೇ ಚಿಕಿತ್ಸೆ ಇದೆ. ನಿಮ್ಮ ಕಷ್ಟ ಕಲ್ಪನೆ ಅಲ್ಲ. ಎದೆ ಬಡಿತ, ಹೊಟ್ಟೆ ತಿರುಚುವುದು, ಕೈ ತಣ್ಣಗಾಗುವುದು ಎಲ್ಲವೂ ನಿಜ. ಅದಕ್ಕೆ ನೀವು ಕೊಡುತ್ತಿರುವ ಅರ್ಥವನ್ನು ಮಾತ್ರ ಇನ್ನೊಬ್ಬರ ಜೊತೆ ಕೂತು ಪರಿಶೀಲಿಸಬೇಕು.

ಟೆನ್ಷನ್ ಜಾಸ್ತಿ ಆದಾಗ್ಲೇ ಹೊಟ್ಟೆ ಕೆಡುತ್ತೆ. ಹೊಟ್ಟೆ ಕೆಟ್ರೆ ಟೆನ್ಷನ್ ಜಾಸ್ತಿ ಆಗುತ್ತೆ. ಯಾವುದು ಮೊದಲು?

ಮೆದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕ ಇದೆ. ಪರೀಕ್ಷೆಯ ಬೆಳಿಗ್ಗೆ ಮಕ್ಕಳು ಮೂರು ಸಲ ಟಾಯ್ಲೆಟ್‌ಗೆ ಓಡುವುದನ್ನು ನಾನು ಪ್ರತಿ ಮಾರ್ಚ್‌ನಲ್ಲಿ ನೋಡುತ್ತೇನೆ. ಇಂಥ ಕರುಳು ಸದಾ ಕಿರಿಕಿರಿ ಮಾಡುತ್ತಿದ್ದರೆ ಡಾಕ್ಟರುಗಳು ಐಬಿಎಸ್ ಎನ್ನುತ್ತಾರೆ: ಹೊಟ್ಟೆನೋವು ಬರುತ್ತದೆ, ಹೋಗಿ ಬಂದ ಮೇಲೆ ಹಲವರಿಗೆ ಕಡಿಮೆಯಾಗುತ್ತದೆ. ಕೆಲವು ದಿನ ಸಡಿಲ, ಕೆಲವು ದಿನ ಗಟ್ಟಿ. ಐಬಿಎಸ್ ಕ್ಯಾನ್ಸರ್ ಆಗುವುದಿಲ್ಲ. ನಿದ್ದೆಯಿಂದ ಎಬ್ಬಿಸುವ ನೋವು, ರಕ್ತ, ತೂಕ ಇಳಿಯುವುದು ಐಬಿಎಸ್‌ನ ಲಕ್ಷಣಗಳಲ್ಲ. ಅವಿದ್ದರೆ ಟೆನ್ಷನ್ ಎಂದು ತಳ್ಳಿಹಾಕಬಾರದು.

ಹಾಲಿವುಡ್ ನಟ ಚಾಡ್ವಿಕ್ ಬೋಸ್ಮನ್ 43ಕ್ಕೇ ಹೋಗ್ಬಿಟ್ಟ. ನನಗೆ 36. ಅವತ್ತಿಂದ ನೆಮ್ಮದಿ ಇಲ್ಲ.

2020ರ ಆಗಸ್ಟ್‌ನಲ್ಲಿ ಆ ಸುದ್ದಿ ಬಂದಾಗ ಇದೇ ಮಾತನ್ನು ತುಂಬಾ ಜನ ಹೇಳಿದರು. ನೋವಿನ ಸಾವು ಅದು. ಚಿಕ್ಕ ವಯಸ್ಸಿನವರಲ್ಲಿ ಈ ಕ್ಯಾನ್ಸರ್ ಹಲವು ದೇಶಗಳಲ್ಲಿ ಹೆಚ್ಚುತ್ತಿರುವುದೂ ಹೌದು. ಆದರೆ ಆ ದಿನ 43 ವರ್ಷದ ಕೋಟ್ಯಂತರ ಜನ ಎಂದಿನಂತೆ ಕೆಲಸಕ್ಕೆ ಹೋಗಿ ಬಂದರು, ಅದು ಸುದ್ದಿ ಆಗಲಿಲ್ಲ. ಒಂದು ಹೆಸರು, ಒಂದು ಮುಖ ಕಂಡಾಗ ಮನಸ್ಸು ಉಳಿದ ಲೆಕ್ಕವನ್ನು ಮರೆತುಬಿಡುತ್ತದೆ. ನಿಮಗೆ ಲಕ್ಷಣ ಇಲ್ಲ, ಮನೆತನದಲ್ಲಿ ಇಲ್ಲ ಅಂದರೆ 36ರಲ್ಲಿ ಸ್ಕ್ರೀನಿಂಗ್ ಮಾಡಿಸಿ ಎಂದು ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ.

ಒಂದ್ಸಲ ಕೊಲೊನೊಸ್ಕೋಪಿ ಮಾಡಿಸಿಬಿಟ್ರೆ ಭಯ ಹೋಗುತ್ತೆ ಅಲ್ವಾ? ದುಡ್ಡು ಹೋದ್ರೆ ಹೋಗ್ಲಿ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೊಡಲು ಕಷ್ಟವಾಗುವುದೂ ಇದಕ್ಕೇ.

ಆ ಎರಡು ವರ್ಷದಲ್ಲಿ ನಾನು ನಾಲ್ಕು ಜನ ಡಾಕ್ಟರುಗಳನ್ನು ಕಂಡೆ. ರಕ್ತ ಪರೀಕ್ಷೆ ಮೂರು ಸಲ, ಹೊಟ್ಟೆಯ ಸ್ಕ್ಯಾನಿಂಗ್ ಎರಡು ಸಲ. ಪ್ರತಿ ಸಲವೂ "ಎಲ್ಲ ನಾರ್ಮಲ್" ಅಂದ ಕೂಡಲೇ ಹೂವಿನಷ್ಟು ಹಗುರ. ಬಸ್ಸಿನಲ್ಲಿ ಮನೆಗೆ ಬರುವಾಗ ಮಸಾಲೆ ದೋಸೆ ತಿಂದು ಬಂದಿದ್ದೂ ಇದೆ. ಮೊದಲ ಸಲ ಆ ನೆಮ್ಮದಿ ಎರಡು ತಿಂಗಳು ಇತ್ತು. ಎರಡನೇ ಸಲ ಮೂರು ವಾರ. ಕೊನೆಯ ಸಲ ಮನೆ ತಲುಪುವ ಮೊದಲೇ "ಸ್ಕ್ಯಾನಿಂಗ್‌ನಲ್ಲಿ ಕರುಳಿನ ಒಳಗೆ ಕಾಣುತ್ತಾ?" ಎಂಬ ಪ್ರಶ್ನೆ ಎದ್ದಿತ್ತು.

ಆತಂಕಕ್ಕಾಗಿ ಮಾಡಿಸಿದ ಟೆಸ್ಟ್ ಹೀಗೇ ಆಗುತ್ತದೆ. ಅದು ಕೇಳುವುದು ನೂರಕ್ಕೆ ನೂರು ಖಾತ್ರಿ, ಯಾವ ಟೆಸ್ಟೂ ಅದನ್ನು ಕೊಡಲಾರದು. ಸಿಗುವ ನೆಮ್ಮದಿಯ ಅವಧಿ ಪ್ರತಿ ಸಲ ಕಡಿಮೆಯಾಗುತ್ತದೆ. ಮನಸ್ಸು ಕಲಿಯುವ ಪಾಠ ಮಾತ್ರ ಒಂದೇ: ಭಯವಾದರೆ ಟೆಸ್ಟ್ ಮಾಡಿಸಬೇಕು.

ಕೊಲೊನೊಸ್ಕೋಪಿಗೆ ಅದರದೇ ಅಪಾಯವೂ ಇದೆ, ಸಣ್ಣದು. ಕರುಳಿಗೆ ತೂತಾಗುವುದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ರಕ್ತಸ್ರಾವ ಅದಕ್ಕಿಂತ ಸ್ವಲ್ಪ ಜಾಸ್ತಿ, ಅದರಲ್ಲೂ ಪಾಲಿಪ್ ತೆಗೆದಾಗ. ಅಗತ್ಯ ಇದ್ದವರಿಗೆ ಇದು ಏನೂ ಅಲ್ಲ, ಖಂಡಿತ ಮಾಡಿಸಿಕೊಳ್ಳಬೇಕು. ಲಕ್ಷಣ ಇಲ್ಲದ 30ರ ಆರೋಗ್ಯವಂತರಿಗೆ ಲಾಭದ ಪಾಲು ತೀರಾ ಕಡಿಮೆ ಇರುವುದರಿಂದ ಸಣ್ಣ ಅಪಾಯವೂ ಲೆಕ್ಕಕ್ಕೆ ಬರುತ್ತದೆ.

ನನಗೆ ಉಪಯೋಗವಾದ ದಾರಿ ಹೇಳುತ್ತೇನೆ. ಮನಸ್ಸು ಶಾಂತವಾಗಿದ್ದ ಒಂದು ದಿನ ಒಬ್ಬರೇ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿದೆ. ವಯಸ್ಸು, ಮನೆತನ, ಲಕ್ಷಣ, ಈ ಮೂರನ್ನೇ ನೋಡಿದೆವು. 50 ತುಂಬಿದಾಗ ಫಿಟ್, ಅದಕ್ಕೂ ಮೊದಲು ರಕ್ತ ಅಥವಾ ಮೂರು ವಾರ ಮೀರಿದ ಬದಲಾವಣೆ ಕಂಡರೆ ನೇರ ಅವರ ಹತ್ತಿರ. ಡೈರಿಯ ಕೊನೆಯ ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಂಡೆ. ರಾತ್ರಿ ಭಯ ಬಂದಾಗ ಆ ಹಾಳೆ ತೆಗೆದು ಓದುತ್ತಿದ್ದೆ. ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಹೊಸ ತೀರ್ಮಾನ ಮಾಡುವ ಕೆಲಸ ಮಾತ್ರ ಉಳಿಯಲಿಲ್ಲ.

ನಮ್ಮ ಯಜಮಾನ್ರು ದಿನಕ್ಕೆ ಹತ್ತು ಸಲ "ನನಗೇನೂ ಆಗಿಲ್ಲ ಅಲ್ವಾ?" ಅಂತ ಕೇಳ್ತಾರೆ. ಏನಂತ ಹೇಳ್ಲಿ?

"ಏನೂ ಆಗಿಲ್ಲ ಬಿಡಿ" ಎಂದು ಹತ್ತನೇ ಸಲ ಹೇಳಿದಾಗ ಹನ್ನೊಂದನೇ ಪ್ರಶ್ನೆಗೆ ದಾರಿ ಮಾಡಿಕೊಟ್ಟ ಹಾಗೆ. ಬೈದರೆ ಅವರು ಒಳಗೇ ನುಂಗಿಕೊಂಡು ಇನ್ನಷ್ಟು ಹೆದರುತ್ತಾರೆ. ಅವರು ಸಮಾಧಾನದಲ್ಲಿರುವಾಗ ಇಬ್ಬರೂ ಮಾತಾಡಿ ಒಂದು ಒಪ್ಪಂದಕ್ಕೆ ಬನ್ನಿ. ಆಮೇಲೆ ಕೇಳಿದಾಗ "ಭಯ ಆಗ್ತಿದೆ ಅಂತ ಗೊತ್ತಾಯ್ತುರೀ. ಇದಕ್ಕೆ ಉತ್ತರ ಬೆಳಿಗ್ಗೆನೇ ಹೇಳಿದೀನಿ. ಬನ್ನಿ, ಒಂದು ಸುತ್ತು ನಡೆದು ಬರೋಣ" ಎನ್ನಿ. ಭಯವನ್ನು ಒಪ್ಪಿಕೊಳ್ಳಿ, ಖಾತ್ರಿ ಮಾತ್ರ ಮತ್ತೆ ಮತ್ತೆ ಕೊಡಬೇಡಿ. ಮೊದಲ ವಾರ ಇಬ್ಬರಿಗೂ ಕಷ್ಟ.

ನನ್ನದು ಉಲ್ಟಾ. ಏನಾದ್ರೂ ಸಿಕ್ಕಿಬಿಡುತ್ತೆ ಅನ್ನೋ ಭಯಕ್ಕೆ ಆಸ್ಪತ್ರೆ ಕಡೆಗೇ ಹೋಗಲ್ಲ.

ಇದೂ ಅದೇ ಭಯ, ಇನ್ನೊಂದು ವೇಷದಲ್ಲಿ. ನನಗೆ ಹೆಚ್ಚು ಚಿಂತೆಯಾಗುವುದು ನಿಮ್ಮಂಥವರ ಬಗ್ಗೆ. ಈ ಕ್ಯಾನ್ಸರ್ ಕರುಳಿನ ಗೋಡೆ ದಾಟುವ ಮೊದಲೇ ಸಿಕ್ಕಿದರೆ 10 ಜನರಲ್ಲಿ ಸುಮಾರು 9 ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಹೇಳಲು ಬಾಯಿ ಬರದಿದ್ದರೆ ಲಕ್ಷಣಗಳನ್ನು ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಟ್ಟುಬಿಡಿ.

## ತೀರ್ಮಾನ ಮಾಡುವಾಗ

ಹಾಗಾದ್ರೆ ಎಷ್ಟನೇ ವಯಸ್ಸಿಗೆ ಮಾಡಿಸ್ಬೇಕು? ಭಾರತದಲ್ಲಿ ಏನು ನಿಯಮ?

ಭಾರತದ ಸರ್ಕಾರಿ ತಪಾಸಣೆ ಕಾರ್ಯಕ್ರಮದಲ್ಲಿ ಕರುಳು ಸೇರಿಲ್ಲ. ಕಾಯಿಲೆ ಅಪರೂಪ ಇರುವ ಕಡೆ ಎಲ್ಲರನ್ನೂ ಪರೀಕ್ಷಿಸಿದರೆ ಒಬ್ಬರಿಗೆ ಲಾಭವಾಗಲು ತುಂಬಾ ಜನ ಸುಮ್ನೆ ಒದ್ದಾಡಬೇಕಾಗುತ್ತದೆ. ಕೊಲೊನೊಸ್ಕೋಪಿ ಮಾಡುವ ಡಾಕ್ಟರುಗಳೂ ಎಲ್ಲ ತಾಲೂಕುಗಳಲ್ಲಿ ಇಲ್ಲ.

ಅಮೆರಿಕದ ತಜ್ಞ ಸಮಿತಿ 2021ರಲ್ಲಿ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಇಂಗ್ಲೆಂಡಿನಲ್ಲಿ 50ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್ ಕಿಟ್ ಮನೆಗೇ ಬರುತ್ತದೆ. ಆಸ್ಟ್ರೇಲಿಯಾದಲ್ಲೂ 50ರಿಂದ 74. 2024ರ ಜುಲೈನಿಂದ 45 ದಾಟಿದವರೂ ಕೇಳಿ ತರಿಸಿಕೊಳ್ಳಬಹುದು. ಈ ಅಂಕಿಗಳು ಆಯಾ ದೇಶದ ಕಾಯಿಲೆಯ ಪ್ರಮಾಣ ನೋಡಿ ಮಾಡಿದ್ದು. ಅವನ್ನು ಹಾಗೇ ಹಾಸನಕ್ಕೋ ಹಾವೇರಿಗೋ ತಂದು ಕೂರಿಸಲು ಆಗುವುದಿಲ್ಲ. ಮನೆತನದಲ್ಲಿ ಇಲ್ಲದ, ಲಕ್ಷಣ ಇಲ್ಲದ, 50 ದಾಟಿದ ಭಾರತೀಯರು ತಮ್ಮ ಡಾಕ್ಟರ್ ಜೊತೆ ಮಾತಾಡಿ ಫಿಟ್ ಮಾಡಿಸಿಕೊಂಡರೆ ಅದು ವಿವೇಕದ ಆಯ್ಕೆ ಎಂದು ನನಗೆ ಅನಿಸುತ್ತದೆ. ಮಾಡಿಸದವರು ತಪ್ಪು ಮಾಡಿದರು ಅಂತಲೂ ಅಲ್ಲ.

ನಾನು ಲಂಡನ್‌ನಲ್ಲಿದ್ದೀನಿ, 54. ಕಿಟ್ ಬಂದು ನಾಲ್ಕು ತಿಂಗಳಾಯ್ತು, ಡ್ರಾಯರ್‌ನಲ್ಲೇ ಇದೆ. ತೆಗೆಯೋಕೆ ಭಯ, ಹೇಸಿಗೆ ಎರಡೂ.

ಅದನ್ನು ಇವತ್ತೇ ತೆಗೆಯಿರಿ. ಮೇಲೆ ಬರೆದಿರುವ ಕೊನೆಯ ದಿನಾಂಕ ನೋಡಿ, ಮುಗಿದಿದ್ದರೆ ಫೋನ್ ಮಾಡಿ ಹೊಸದು ತರಿಸಿಕೊಳ್ಳಿ. ಕೆಲಸ ಎರಡು ನಿಮಿಷದ್ದು. ಮಲ ನೀರಿಗೆ ಬೀಳದಂತೆ ಒಂದು ಖಾಲಿ ಡಬ್ಬಿಯಲ್ಲಿ ಹಿಡಿಯಿರಿ. ಮುಚ್ಚಳಕ್ಕೆ ಅಂಟಿಕೊಂಡಿರುವ ಕಡ್ಡಿಯಿಂದ ಮೇಲೆ ಮೇಲೆ ಗೀರಿ, ಮತ್ತೆ ಕೊಳವೆಯೊಳಗೆ ಹಾಕಿ ಕ್ಲಿಕ್ ಅನ್ನುವವರೆಗೆ ಒತ್ತಿ. ದಿನಾಂಕ ಬರೆದು ಅಂಚೆಗೆ ಹಾಕಿ. ಊಟದ ಪಥ್ಯ ಬೇಡ, ಏಕೆಂದರೆ ಫಿಟ್ ಹುಡುಕುವುದು ಮನುಷ್ಯರ ರಕ್ತವನ್ನು ಮಾತ್ರ. ಮುಟ್ಟಿನ ದಿನಗಳಲ್ಲಿ ಬೇಡ. ಮೂಲವ್ಯಾಧಿ ಸೋರುತ್ತಿದ್ದರೆ ಡಾಕ್ಟರನ್ನು ಕೇಳಿ ಮಾಡಿ.

ಮೆಲ್ಬರ್ನಿನಲ್ಲಿರುವ ನನ್ನ ನಾದಿನಿಗೆ ಬಂದ ಕಿಟ್‌ನಲ್ಲಿ ಎರಡು ಸಲದ ಸ್ಯಾಂಪಲ್ ಕೇಳಿದ್ದರು, ಕಳಿಸುವವರೆಗೆ ಫ್ರಿಜ್‌ನಲ್ಲಿ ಇಡಬೇಕು. ಅತ್ತೆ ಊರಿನಿಂದ ಬಂದಿದ್ದರು. ಅವಳು ಒಂದು ವಾರ ಒದ್ದಾಡಿ ಕೊನೆಗೆ ಅತ್ತೆಗೇ ಹೇಳಿದಳು. ಅವರು ತಣ್ಣಗೆ ಒಂದು ಡಬ್ಬಿ ಖಾಲಿ ಮಾಡಿ ಕೊಟ್ಟು, "ಅದರಲ್ಲಿ ಹಾಕಿ ಮುಚ್ಚಿಡು" ಅಂದರಂತೆ.

ಅಪ್ಪನಿಗೆ 47ಕ್ಕೆ ಕರುಳಿನ ಕ್ಯಾನ್ಸರ್ ಬಂತು. ನನಗೀಗ 35. ನನ್ನದು ಬರೀ ಭಯನಾ?

ಅಲ್ಲ. ನಿಮ್ಮದಕ್ಕೆ ಆಧಾರ ಇದೆ, ನಿಮ್ಮ ಲೆಕ್ಕವೇ ಬೇರೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಮೊದಲ ಹಂತದ ಸಂಬಂಧಿಕರು. ಇವರಲ್ಲಿ ಒಬ್ಬರಿಗೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಶುರು ಮಾಡಿ ಎಂದು ಅಮೆರಿಕದ ಹೊಟ್ಟೆ-ಕರುಳು ತಜ್ಞರ ಮಾರ್ಗಸೂಚಿ ಹೇಳುತ್ತದೆ. ನಿಮಗೆ ಅದು 37. ಸಂಬಂಧಿಕರಿಗೆ 60ಕ್ಕಿಂತ ಮೊದಲೇ ಬಂದಿದ್ದರೆ ಫಿಟ್ ಬದಲು ಕೊಲೊನೊಸ್ಕೋಪಿ, ಐದು ವರ್ಷಕ್ಕೊಮ್ಮೆ.

ದೊಡ್ಡಪ್ಪ, ಚಿಕ್ಕಮ್ಮ, ಅಜ್ಜ ಎರಡನೇ ಹಂತ. ಅವರಲ್ಲಿ ಒಬ್ಬರಿಗೆ ವಯಸ್ಸಾದ ಮೇಲೆ ಬಂದಿದ್ದರೆ ನಿಮ್ಮ ಅಪಾಯ ಹೆಚ್ಚುಕಡಿಮೆ ಉಳಿದವರಷ್ಟೇ. ಈ ಒಂದು ವಾಕ್ಯ ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಒಂದೇ ಕಡೆಯ ಮನೆತನದಲ್ಲಿ ಎರಡು ಮೂರು ಜನಕ್ಕೆ ಬಂದಿದ್ದರೆ, 50ರೊಳಗೆ ಬಂದಿದ್ದರೆ, ಅಥವಾ ಕೆಲವರಿಗೆ ಕರುಳು ಕೆಲವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿದ್ದರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇದೆಯೇ ಎಂದು ನೋಡಬೇಕು. ಅದಿದ್ದವರಿಗೆ 20-25ರಿಂದಲೇ, ಕೆಲವು ಜೀನ್‌ಗಳಲ್ಲಿ ಇನ್ನೂ ತಡವಾಗಿ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಹೇಳುತ್ತಾರೆ. ನಮ್ಮ ಮನೆಗಳಲ್ಲಿ "ಹೊಟ್ಟೆ ಗಡ್ಡೆ ಆಗಿ ಹೋದರು" ಅಂತಷ್ಟೇ ಹೇಳುವ ರೂಢಿ. ಬದುಕಿರುವ ಹಿರಿಯರನ್ನು ಕೂರಿಸಿಕೊಂಡು ಯಾರಿಗೆ, ಎಲ್ಲಿ, ಎಷ್ಟನೇ ವಯಸ್ಸಿಗೆ ಎಂದು ಬರೆದಿಡಿ. ಡಾಕ್ಟರಿಗೆ ಆ ಒಂದು ಹಾಳೆ ಹತ್ತು ರಿಪೋರ್ಟಿಗೆ ಸಮ.

ಫುಲ್ ಬಾಡಿ ಚೆಕಪ್ ಪ್ಯಾಕೇಜ್‌ನಲ್ಲಿ ಸಿಇಎ ಅಂತ ರಕ್ತ ಪರೀಕ್ಷೆ ಇದೆ. ಅದು ಸಾಲದಾ?

ಸಾಲದು. ಸಿಇಎ ಇರುವುದು ಕ್ಯಾನ್ಸರ್ ಗೊತ್ತಾದವರ ಚಿಕಿತ್ಸೆ ಹೇಗೆ ನಡೆದಿದೆ ಎಂದು ಗಮನಿಸಲು. ಆರಂಭದ ಕ್ಯಾನ್ಸರಿನಲ್ಲಿ ಅದು ನಾರ್ಮಲ್ ಇರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಆತಂಕ ಇರುವವರು ಇದರಿಂದ ದೂರ ಇರಿ. ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಬಂದರೆ ಮುಂದಿನ ತಿಂಗಳೆಲ್ಲ ಅದರದೇ ಧ್ಯಾನ.

## ಟೆಸ್ಟ್ ಮಾಡಿಸಿದವರ ಪ್ರಶ್ನೆಗಳು

ಫಿಟ್ ನೆಗೆಟಿವ್ ಬಂತು. ಪೂರ್ತಿ ನಂಬಬಹುದಾ?

ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 75ರಿಂದ 80 ಜನರನ್ನು ಒಂದು ಫಿಟ್ ಹಿಡಿಯುತ್ತದೆ. ಪಾಲಿಪ್‌ಗಳನ್ನು ಹಿಡಿಯುವುದು ಅದಕ್ಕಿಂತ ತುಂಬಾ ಕಡಿಮೆ. ಅದಕ್ಕೇ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಮಾಡುತ್ತಾರೆ. ಈ ಸಲ ತಪ್ಪಿದ್ದು ಮುಂದಿನ ಸಲ ಸಿಗಬಹುದು. ಪ್ರತಿ ತಿಂಗಳು ಮಾಡಿಸಿದರೆ ಒಳ್ಳೆಯದಲ್ವಾ ಎಂದು ಒಬ್ಬರು ಕೇಳಿದ್ದರು. ಬೇಡ. ಸುಳ್ಳು ಪಾಸಿಟಿವ್‌ಗಳು ಗುಡ್ಡೆಯಾಗುತ್ತವೆ ಅಷ್ಟೆ. ನೆಗೆಟಿವ್ ಬಂದ ಮೇಲೆ ಲಕ್ಷಣ ಶುರುವಾದರೆ ಆ ಕಾಗದ ತೋರಿಸಿ ಸುಮ್ಮನಿರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಪಾಸಿಟಿವ್ ಬಂದಿದೆ. ಕೊಲೊನೊಸ್ಕೋಪಿ ಮುಂದಿನ ವಾರ. ನಿದ್ದೆ ಇಲ್ಲ.

ಪಾಸಿಟಿವ್ ಅಂದರೆ ರಕ್ತದ ಅಂಶ ಇದೆ ಅಂತ, ಕ್ಯಾನ್ಸರ್ ಇದೆ ಅಂತಲ್ಲ. ಮೂಲವ್ಯಾಧಿ, ಪಾಲಿಪ್, ಕರುಳಿನ ಉರಿಯೂತ, ಇನ್ನೂ ಹಲವು ಕಾರಣ ಇರಬಹುದು. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. "ಇನ್ನೊಂದು ಸಲ ಫಿಟ್ ಮಾಡಿಸಿ ನೆಗೆಟಿವ್ ಬಂದರೆ ಬಿಡೋಣ" ಎಂದು ಮಾತ್ರ ಯೋಚಿಸಬೇಡಿ. ಕೊಲೊನೊಸ್ಕೋಪಿ ಮಾಡಿಸಲೇಬೇಕು. ಈ ವಾರ ಗೂಗಲ್ ಮುಚ್ಚಿಡಿ, ರಾತ್ರಿ ಫೋನು ಇನ್ನೊಂದು ಕೋಣೆಯಲ್ಲಿರಲಿ.

ಕೊಲೊನೊಸ್ಕೋಪಿಗಿಂತ ಹಿಂದಿನ ದಿನವೇ ನರಕ ಅಂತಾರೆ. ನಿಜನಾ?

ಕಿರಿಕಿರಿ ಇದೆ, ನರಕ ಅಲ್ಲ. ಎರಡು ಮೂರು ದಿನ ಮುಂಚಿನಿಂದ ಸೊಪ್ಪು, ಬೀಜ ಇರುವ ಹಣ್ಣು, ರಾಗಿ, ಕಾಳು ಬಿಡಬೇಕು. ಮೆತ್ತಗಿನ ಬಿಳಿ ಅನ್ನ, ತಿಳಿಸಾರು ಆಗುತ್ತದೆ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಕೆಂಪು ಬಣ್ಣದ ಶರಬತ್ತು ಬೇಡ. ಕರುಳು ತೊಳೆಯುವ ಪುಡಿಯನ್ನು ಸಾಮಾನ್ಯವಾಗಿ ಎರಡು ಲೀಟರ್ ನೀರಿಗೆ ಕಲಸಿ ಕುಡಿಯಲು ಹೇಳುತ್ತಾರೆ. ಉಪ್ಪುಪ್ಪು, ಸಿಹಿಸಿಹಿ. ತಣ್ಣಗೆ ಮಾಡಿ ಕುಡಿದರೆ ಇಳಿಯುತ್ತದೆ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನ ಹಾಗಿರಬೇಕು.

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಕಬ್ಬಿಣದ ಮಾತ್ರೆ ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟರೆ ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು. ಪರೀಕ್ಷೆ ಅರ್ಧ ಗಂಟೆಯದು.

ಕೊಲೊನೊಸ್ಕೋಪಿಯಿಂದ ಪ್ರಯೋಜನವೇ ಇಲ್ಲ ಅಂತ ಯುರೋಪಿನಲ್ಲಿ ಅಧ್ಯಯನ ಬಂದಿದೆಯಂತೆ?

2022ರಲ್ಲಿ ಬಂದ ನಾರ್ಡಿಕ್ ಅಧ್ಯಯನ ಅದು. ಪೋಲೆಂಡ್, ನಾರ್ವೆ, ಸ್ವೀಡನ್‌ನ 55ರಿಂದ 64 ವಯಸ್ಸಿನ ಸುಮಾರು 85 ಸಾವಿರ ಜನರ ಲೆಕ್ಕ. ಕೊಲೊನೊಸ್ಕೋಪಿಗೆ ಕರೆ ಹೋದ ಗುಂಪಿನಲ್ಲಿ 10 ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಬಂದದ್ದು ಶೇ. 0.98 ಮಂದಿಗೆ, ಕರೆ ಹೋಗದ ಗುಂಪಿನಲ್ಲಿ ಶೇ. 1.20. ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಕರೆ ಹೋದವರಲ್ಲಿ ನಿಜವಾಗಿ ಬಂದು ಮಾಡಿಸಿಕೊಂಡವರು ಶೇ. 42 ಮಾತ್ರ. "ಪ್ರಯೋಜನ ಇಲ್ಲ" ಎನ್ನುವುದು ತಪ್ಪು ಓದು. ಭಯಪಡುವವರು ಗಮನಿಸಬೇಕಾದ ಅಂಕಿ ಇನ್ನೊಂದಿದೆ: ನಮಗಿಂತ ಎಷ್ಟೋ ಹೆಚ್ಚು ಕಾಯಿಲೆ ಇರುವ ಆ ದೇಶಗಳಲ್ಲಿ, ಆ ವಯಸ್ಸಿನಲ್ಲಿ, ಏನೂ ಮಾಡಿಸಿಕೊಳ್ಳದಿದ್ದರೂ 100ಕ್ಕೆ ಸುಮಾರು 99 ಜನರಿಗೆ ಹತ್ತು ವರ್ಷದಲ್ಲಿ ಈ ಕ್ಯಾನ್ಸರ್ ಬರಲಿಲ್ಲ.

ಅಮ್ಮನಿಗೆ 81. ಅವರಿಗೂ ಮಾಡಿಸಿಬಿಡಲಾ?

ಲಕ್ಷಣ ಇಲ್ಲದಿದ್ದರೆ ಬೇಡ ಎನ್ನುವುದೇ ಹೆಚ್ಚಿನ ಉತ್ತರ. 75ರ ಮೇಲೆ ಒಬ್ಬೊಬ್ಬರದನ್ನೇ ನೋಡಿ ತೀರ್ಮಾನಿಸುತ್ತಾರೆ. ಈ ವಯಸ್ಸಿನಲ್ಲಿ ಹೊಟ್ಟೆ ತೊಳೆಯುವ ಔಷಧಿಯೇ ಸುಸ್ತು ಮಾಡುತ್ತದೆ. ರಕ್ತ ಹೋಗುತ್ತಿದ್ದರೆ ವಯಸ್ಸು 81 ಆದರೂ ತೋರಿಸಬೇಕು.

ಭಯಕ್ಕೇ ಚಿಕಿತ್ಸೆ ಬೇಕು ಅಂದ್ರೆ ಎಲ್ಲಿಗೆ ಹೋಗ್ಲಿ? ಮಾತ್ರೆ ಶುರುವಾದ್ರೆ ಜೀವನಪೂರ್ತಿನಾ?

14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ.

ಆರೋಗ್ಯದ ಆತಂಕಕ್ಕೆ ಒಳ್ಳೆಯ ಪುರಾವೆ ಇರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ನನಗೆ ಹನ್ನೆರಡು ಭೇಟಿ ಆಯಿತು. ಮೊದಲ ಮನೆಪಾಠ ಮೂರು ದಿನ ಫ್ಲಶ್ ಮಾಡುವ ಮೊದಲು ನೋಡದೆ ಇರುವುದು. ಎರಡನೇ ದಿನ ಬಾಗಿಲ ಹತ್ತಿರ ನಿಂತು ಅತ್ತೆ. ನಾಲ್ಕನೇ ವಾರಕ್ಕೆ ನೋಡದೆ ಬಂದದ್ದು ನೆನಪೇ ಇರಲಿಲ್ಲ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಎಷ್ಟೋ ಜನ ಸುಧಾರಿಸಿದ ಮೇಲೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಬಿಡುತ್ತಾರೆ. ತಾವಾಗಿಯೇ ತಟ್ಟನೆ ನಿಲ್ಲಿಸಬಾರದು.

ಎರಡು ಸಣ್ಣ ಪಾಲಿಪ್ ತೆಗೆದ್ರು. ಮುಂದಿನ ಕೊಲೊನೊಸ್ಕೋಪಿ 7 ವರ್ಷ ಬಿಟ್ಟು ಅಂದ್ರು. ಅಷ್ಟು ವರ್ಷ ಹೇಗೆ ಸುಮ್ಮನಿರ್ಲಿ?

ನಿಮ್ಮ ಡಾಕ್ಟರ್ ಅಸಡ್ಡೆಯಿಂದ ಹೇಳಿದ್ದಲ್ಲ. 10 ಮಿಲಿಮೀಟರಿಗಿಂತ ಚಿಕ್ಕ ಸಾಮಾನ್ಯ ಅಡಿನೋಮ (ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯ ಪಾಲಿಪ್) ಒಂದೋ ಎರಡೋ ಇದ್ದು, ಕರುಳು ಚೆನ್ನಾಗಿ ತೊಳೆದು ಪೂರ್ತಿ ನೋಡಲು ಆಗಿದ್ದರೆ 7ರಿಂದ 10 ವರ್ಷ ಎಂದೇ ಅಮೆರಿಕದ ಮಾರ್ಗಸೂಚಿ ಇದೆ. ಮೂರು ನಾಲ್ಕು ಇದ್ದರೆ 3ರಿಂದ 5 ವರ್ಷ. ದೊಡ್ಡದಿದ್ದರೆ, ಬಯಾಪ್ಸಿಯಲ್ಲಿ ಕೆಟ್ಟ ಬದಲಾವಣೆ ಕಂಡಿದ್ದರೆ 3 ವರ್ಷ. ಏನೂ ಸಿಗದವರಿಗೆ 10 ವರ್ಷ.

ಎರಡು ಕಾಗದ ಜೋಪಾನ ಮಾಡಿ: ಕೊಲೊನೊಸ್ಕೋಪಿ ರಿಪೋರ್ಟ್ ಮತ್ತು ಬಯಾಪ್ಸಿ ರಿಪೋರ್ಟ್. ಏಳು ವರ್ಷದಲ್ಲಿ ಊರು ಬದಲಾಗಬಹುದು, ಡಾಕ್ಟರ್ ಬದಲಾಗಬಹುದು. ಮನೆ ಪತ್ರ, ಮಾರ್ಕ್ಸ್ ಕಾರ್ಡ್ ಇಡುವ ಕವರಿನಲ್ಲೇ ಇಡಿ. ಮೇಲೆ ಮುಂದಿನ ವರ್ಷ ಯಾವುದು ಎಂದು ದಪ್ಪಗೆ ಬರೆದು, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.